ರವದಿಗೆ ಬೆಲ್ಲ ಸುರಿಬ್ಯಾಡ್ರಿ, ಬ್ಯಾಕ್ಟೀರಿಯಾ ಬೆಲ್ಲಾನ ತಿಂದು ಕೂಡ್ತಾವ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಸೋಮವಾರ ನಿಮ್ಮ ಕೃಷಿ ಪುಟದಾಗ ಕಬ್ಬಿನ ರವದಿ, ಅಂದ್ರ ಕಬ್ಬು ಕಡದ ಮ್ಯಾಲ ಹೊಲದಾಗ ಉಳಿಯೂ ಒಣ ಎಲಿ, ಸುಡಬ್ಯಾಡ್ರಿ, ಕೊಳಸ್ರಿ ಅಂತ ಒಂದು ಲೇಖನ ಬಂದಿತ್ತು. ಭಾಳ ಚಲೋ ಬರದಾರ, ಅದರ ಮ್ಯಾಲ ನಂದೇನೂ ತಕರಾರಿಲ್ಲ, ಆದ್ರ ಕೆಳಗ ಬಾಕ್ಸ್ ಹಾಕಿ ದಪ್ಪ ಅಕ್ಷರದಾಗ, ಕಸ ಕೊಳಸೂ ಸೂಕ್ಷ್ಮಜೀವಿ ಬೆಳೆಸೂ ಡಿಕಂಪೋಸರ್ ದ್ರಾವಣಕ್ಕ ಬೆಲ್ಲ ಹೆಚ್ಚ ಹಾಕಿದಷ್ಟೂ ರವದಿ ಲಗೂ ಕೊಳಿತೈತಿ ಅಂತ ಹಾಕೀರಲ್ರಿ, ಅದನ್ನ ಓದಿದ ಕೂಡ್ಲೆ ನಮ್ಮ ಮಾವಾರು ಪೇಪರ್ ಮಡಚಿ ನನ್ನ ಕಡೆ ನೋಡಿದ್ರು, ನಾನು ಅವರ ಕಡೆ ನೋಡಿದೆ, ಇಬ್ಬರಿಗೂ ಹೋದ ವರ್ಷದ್ದು ನೆನಪಾಗಿ ನಗು ಬಂತು. ಈಗ ನಗು ಬಂತು ಖರೆ, ಆವಾಗೇನು ಬಂದಿರಲಿಲ್ಲ.

ಹೋದ ವರ್ಷ ಫೆಬ್ರುವರಿಯೊಳಗ ಗ್ಯಾಂಗ್‌ನವ್ರು ಕಬ್ಬು ಕಡದು ಹ್ವಾದ ಮ್ಯಾಲ ನಮ್ಮ ಎರಡೆಕರೆ ಕುಳೆ ಕಬ್ಬಿನ್ಯಾಗ ಕಾಲಿಟ್ರ ಮೊಳಕಾಲ ತನಕ ಮುಚ್ಚೂವಷ್ಟು ರವದಿ ಬಿದ್ದಿತ್ತು, ಎಕರೆಕ್ಕ ಮೂರ್ನಾಲ್ಕು ಟನ್ ಬೀಳ್ತೈತಿ ಅಂತಾರ, ಎತ್ತಿ ಹಾಕವ್ರಿಗೇ ಗೊತ್ತು ಅದರ ಭಾರ. ಬೆಂಕಿ ಹಚ್ಚೂದು ಬ್ಯಾಡ ಅಂತ ಮನ್ಯಾಗ ಮೊದಲ್ನೇ ಸಲ ಎಲ್ಲಾರೂ ಒಪ್ಪಿದ್ರು. ನಮ್ಮ ಮೈದುನ ಒಂದು ಬ್ಯಾರಲ್ ತೊಳದು 200 ಲೀಟರ್ ನೀರು, 2 ಕೆಜಿ ಬೆಲ್ಲ, ಅದರಾಗ ಡಿಕಂಪೋಸರ್ ಹಾಕಿ, ಮುಂಜಾನೆ ಸಂಜಿಕ ಕೋಲಿಲೆ ತಿರುವಿ, ಆರೇಳು ದಿನ ಬಿಟ್ಟು ಬಡಗಣ ದಿಕ್ಕಿನ ಎಕರೆಕ್ಕ ಹೊಡದ. ತೆಂಕಣ ದಿಕ್ಕಿನ ಎಕರೆದ ಇನ್ನೊಂದು ಬ್ಯಾರಲ್ ಮಾವಾರ ಪಾಲಿಗೆ ಬಂತು. ಅಷ್ಟೊತ್ತಿಗೆ ಅವರ ಮೊಬೈಲಿಗೆ ಯಾರೋ ಇದೇ ಮಾತು ಕಳಿಸಿದ್ರು, ಬೆಲ್ಲ ಹೆಚ್ಚಾದ್ರ ಹುಳ (ಅಂದ್ರ ಬ್ಯಾಕ್ಟೀರಿಯಾ) ಹೆಚ್ಚು, ಹುಳ ಹೆಚ್ಚಾದ್ರ ಕೆಲಸ ಹೆಚ್ಚು ಅಂತ. ಲೆಕ್ಕ ಕೇಳಾಕ ಬರೋಬ್ಬರಿ ಐತಿ ಬಿಡ್ರಿ. ಮನ್ಯಾಗ ಮಹಾಲಿಂಗಪುರದಿಂದ ತಂದಿದ್ದ 10 ಕೆಜಿ ಬೆಲ್ಲದ ಪೆಂಟಿ ಇತ್ತು, ನಮ್ಮ ಅತ್ತಿಯವ್ರು ಹಬ್ಬಕ್ಕಂತ ಅರಿಬಿ ಸುತ್ತಿ ಇಟ್ಟಿದ್ದು, ಅದನ್ನೂ ಒಡದು ಆ ಎರಡು ಕೆಜಿ ಕೂಡ ಹಾಕಿಬಿಟ್ರು. ಅಂದ್ರ 12 ಕೆಜಿ. ಅತ್ತಿಯವ್ರು ಎರಡು ದಿನ ಮಾವಾರ ಕೂಡ ಮಾತಾಡಲಿಲ್ಲ, ಅದು ಬ್ಯಾರೆ ವಿಷಯ.

ನಲವತ್ತು ದಿನದ ಮ್ಯಾಲ ನಾನು ಎರಡೂ ಕಡೆ ಒಂದೊಂದು ಬೊಗಸಿ ರವದಿ ಎತ್ತಿ ನೋಡಿದೆ. ಮೈದುನನ ಕಡೀದು ಕರ್ರಗಾಗಿ ಮೆತ್ತಗ ಆಗಿತ್ತು, ಎರಡ ಬೆರಳಾಗ ಹಿಡದು ಎಳದ್ರ ಹಳೇ ನೂಲು ಹರದಂಗ ಸದ್ದಿಲ್ಲದ ಹರೀತಿತ್ತು, ಕೆಳಗ ಮಣ್ಣಿಗೆ ಹತ್ತಿದ ಪದರಿನ್ಯಾಗ ಬಿಳಿ ಬಿಳಿ ಬೂಜು, ಮಳಿ ಬಿದ್ದ ಮಣ್ಣಿನ ವಾಸನಿ. ಮಾವಾರ ಕಡೀದು ಇನ್ನೂ ಹಳದಿ ಹಳದಿ, ಎಳದ್ರ ಅಂಗೈ ಕೊಯ್ಯೂ ಹಂಗ ಗಟ್ಟಿ, ಮೂಗಿಗೆ ಹುಳಿ ಹುಳಿ ಹೆಂಡದ ವಾಸನಿ, ನೊಣ ಮುತ್ತಿದ್ವು, ಇರಿವಿ ಸಾಲು ಹಚ್ಚಿದ್ವು. ಎರಡೂ ಕಡೆ ನೀರು ಒಂದೇ ಪಾಳಿಯೊಳಗ ಬಿಟ್ಟಿದ್ವಿ, ಆದ್ರೂ ತೆಂಕಣ ಬದಿ ತುಸು ಎತ್ತರ ಐತಿ, ಹಂಗಾಗಿ ಇದು ಪಕ್ಕಾ ಪರೀಕ್ಷೆ ಅಂತ ನಾನು ಹೇಳಾಂಗಿಲ್ಲ. ಆದ್ರ ಕಾರಣ ಏನಿರಬೇಕು ಅನ್ನೂದು ನನಗ ಅಲ್ಲೇ ಬದುವಿನ ಮ್ಯಾಲ ನಿಂತಾಗ ಹೊಳೀತು, ಯಾಕಂದ್ರ ನಾನು ಜಮಖಂಡಿಯೊಳಗ ಬಿ.ಎಸ್ಸಿ ಓದುಮುಂದ ಇದೇ ಪಾಠಕ್ಕ 10 ಮಾರ್ಕಿನ ಪ್ರಶ್ನಿ ಬರದಾಕಿ. ಮದುವಿ ಆಗಿ ಹದಿನೆಂಟು ವರ್ಷದ ಮ್ಯಾಲ ಆ ಹತ್ತು ಮಾರ್ಕು ಹೊಲದಾಗ ಸಿಕ್ಕಿದ್ವು.

ವಿಷಯ ಏನಂದ್ರ, ರವದಿ ಆಗ್ಲಿ ಜ್ವಾಳದ ಕಣಿಕಿ ಆಗ್ಲಿ ಹತ್ತಿ ಕಟಗಿ ಆಗ್ಲಿ, ಇವೆಲ್ಲಾ ಅರ್ಧಕ್ಕರ್ಧ ಸಕ್ಕರಿನ. ನಗಬ್ಯಾಡ್ರಿ, ಖರೇನ. ಸೆಲ್ಯುಲೋಸ್ ಅಂದ್ರ ಗ್ಲುಕೋಸ್ ಮಣಿಗಳ ಉದ್ದ ಸರ, ಒಂದೊಂದು ಸರದಾಗ ಸಾವಿರಗಟ್ಲೆ ಮಣಿ. ನಾವು ತಿನ್ನೋ ರೊಟ್ಟಿಯೊಳಗಿನ ಪಿಷ್ಟಾನೂ ಅದೇ ಗ್ಲುಕೋಸ್ ಸರ, ಆದ್ರ ಮಣಿ ಪೋಣಿಸಿದ ಗಂಟು ಬ್ಯಾರೆ. ಆ ಗಂಟು ಬಿಚ್ಚೂ ಕತ್ತರಿ ನಮ್ಮ ಹೊಟ್ಯಾಗ ಇಲ್ಲ, ಎಮ್ಮಿ ತಾನ ಮಾಡೂದೂ ಇಲ್ಲ. ಆ ಕತ್ತರಿಗೇ ಸೆಲ್ಯುಲೇಸ್ ಅನ್ನೂ ಎನ್‌ಜೈಮ್ ಅಂತಾರ, ಅದರಾಗ ಮೂರು ಥರ ಇರ್ತಾವ, ಒಂದು ಸರದ ನಡಕ ಕತ್ತರಿಸ್ತೈತಿ, ಇನ್ನೊಂದು ತುದಿಯಿಂದ ಎರಡೆರಡು ಮಣಿ ಬಿಡಿಸ್ತೈತಿ, ಮೂರನೇದು ಆ ಜೋಡಿ ಮಣೀನ ಒಡದು ಒಂಟಿ ಗ್ಲುಕೋಸ್ ಮಾಡ್ತೈತಿ. ಆ ಜೋಡಿ ಮಣಿಗೆ ಸೆಲ್ಲೋಬಯೋಸ್ ಅಂತ ಹೆಸರು, ಇದನ್ನ ಒಂದೀಟು ನೆನಪಿಟ್ಕೋರಿ, ಮುಂದ ಬೇಕಾಗ್ತೈತಿ. ಇಷ್ಟಕ್ಕ ಮುಗಿಯೂದಿಲ್ಲ, ಸರದ ಸುತ್ತ ಕ್ಸೈಲಾನ್, ಪೆಕ್ಟಿನ್ ಅನ್ನೂ ಬ್ಯಾರೆ ಸಕ್ಕರಿ ಸರ, ಎಲ್ಲಕ್ಕೂ ಸಿಮೆಂಟ್ ಬಡದಂಗ ಲಿಗ್ನಿನ್, ಒಂದೊಂದಕ್ಕೂ ಬ್ಯಾರೆ ಬ್ಯಾರೆ ಕತ್ತರಿ ಬೇಕು.

ಈಗ ನೀವ ಬ್ಯಾಕ್ಟೀರಿಯಾ ಆಗಿ ವಿಚಾರ ಮಾಡ್ರಿ. ಮೈ ಉದ್ದ ಒಂದೆರಡು ಮೈಕ್ರಾನ್, ಅಂದ್ರ ಒಂದು ಮಿಲಿಮೀಟರ್‌ನ್ಯಾಗ ಐನೂರು ಸಾವಿರ ಸಾಲಾಗಿ ನಿಲ್ಲಬಹುದು. ರವದಿ ಎಲಿ ನುಂಗಾಕ ಬಾಯಿ ಇಲ್ಲ. ಕತ್ತರಿ ಒಳಗ ತಯಾರ ಮಾಡಿ ಮೈಯಿಂದ ಹೊರಗ ಕಳಿಸಬೇಕು, ಆ ಕತ್ತರಿ ಹೊರಗ ಹೋಗಿ ಎಲಿ ಕತ್ತರಿಸಿ ಸಕ್ಕರಿ ಬಿಡಿಸಬೇಕು, ಬಿಡಿಸಿದ ಸಕ್ಕರಿಯೊಳಗ ನಿಮ್ಮ ಪಾಲು ನಿಮಗ ಸಿಗ್ತೈತಿ ಅನ್ನೂ ಗ್ಯಾರಂಟಿನೂ ಇಲ್ಲ, ಬೀದ್ಯಾಗ ಒಲಿ ಹೂಡಿ ಅಡಿಗಿ ಮಾಡಿದಂಗ, ಬಾಜೂಕಿನವ್ರು ತಾಟು ಹಿಡಕೊಂಡು ಬಂದಾರು. ಇಷ್ಟು ಖರ್ಚಿನ ಕೆಲಸ ಯಾರು ಸುಮ್ಮನ ಮಾಡ್ತಾರ? ಅದಕ್ಕ ಕತ್ತರಿ ಮಾಡೋ ಜೀನ್‌ಗಳಿಗೆ ಬ್ಯಾಕ್ಟೀರಿಯಾ ಕೀಲಿ ಹಾಕಿ ಇಟ್ಟಿರ್ತಾವ. ಹತ್ರ ತಯಾರ ಸಕ್ಕರಿ ಇದ್ರ ಆ ಕೀಲಿ ತಗಿಯೂದ ಇಲ್ಲ. ಮದುವಿ ಪಂಕ್ತಿಯೊಳಗ ಹುಡುಗೂರ ತಾಟಿಗೆ ಮೊದಲ ಬುಂದೆ ಬಡಿಸಿ ಆಮ್ಯಾಲ ಖಡಕ್ ರೊಟ್ಟಿ ಇಡ್ರಿ ನೋಡೋಣು, ಯಾವ ಹುಡುಗ ರೊಟ್ಟಿ ಮುರೀತಾನ?

ಈ ಮಾತು ಮೊದಲ ಕಣ್ಣಿಗೆ ಬಿದ್ದದ್ದು ಫ್ರಾನ್ಸಿನ ಜಾಕ್ ಮೊನೊ ಅನ್ನೋರಿಗೆ, 1941ರ ಹೊತ್ತಿನ್ಯಾಗ, ಪ್ಯಾರಿಸ್ ಜರ್ಮನಿಯವ್ರ ಕೈಯಾಗ ಇದ್ದ ಕಾಲ ಅದು. ಅವರು ಬ್ಯಾಕ್ಟೀರಿಯಾಕ್ಕ ಒಂದೇ ಪಾತ್ರಿಯೊಳಗ ಎರಡು ನಮೂನಿ ಸಕ್ಕರಿ ಹಾಕಿ ಬೆಳೆಸಿ, ಎಷ್ಟು ಬೆಳದಾವ ಅಂತ ಗೆರಿ ಹಾಕಿ ನೋಡಿದ್ರ ಗೆರಿಗೆ ಒಂದರ ಬದಲಿ ಎರಡು ದಿಬ್ಬ ಬಂದ್ವು. ಮೊದಲ ಗ್ಲುಕೋಸ್ ತಿಂದು ಖಾಲಿ ಮಾಡ್ತಾವ, ಆಮ್ಯಾಲ ಒಂದಷ್ಟು ಹೊತ್ತು ಬೆಳವಣಿಗಿ ನಿಂತು ಸುಮ್ಮನ ಕೂಡ್ತಾವ, ಆಮ್ಯಾಲ ಎರಡನೇ ಸಕ್ಕರಿಗೆ ಕೈ ಹಾಕ್ತಾವ. ನಡಕ ಸುಮ್ಮನ ಕುಂತ ಹೊತ್ತು ಅಂದ್ರ ಹೊಸ ಹತಾರ ತಯಾರ ಮಾಡ್ಕೊಳ್ಳೋ ಹೊತ್ತು. ಮುಂದ 1961ರಾಗ ಮೊನೊ ಮತ್ತ ಫ್ರಾನ್ಸುವಾ ಜಾಕೋಬ್ ಕೂಡಿ, ಹಾಲಿನ ಸಕ್ಕರಿ ಒಡಿಯೋ ಜೀನ್‌ಗಳ ಮುಂದ ಒಂದು ಕಾವಲುಗಾರ ಕುಂತಿರ್ತಾನ, ಆ ಸಕ್ಕರಿ ಬಂದಾಗಷ್ಟೇ ಅಂವ ಏಳ್ತಾನ ಅಂತ ಬರದ್ರು, ಅದಕ್ಕ ಲ್ಯಾಕ್ ಓಪೆರಾನ್ ಅಂತ ಹೆಸರು, 1965ರಾಗ ಆಂದ್ರೆ ಲ್ವಾಫ್ ಅವ್ರನ್ನೂ ಕೂಡಿಸಿ ಮೂವರಿಗೂ ನೊಬೆಲ್ ಬಂತು. ನಾನು ಹತ್ತು ಮಾರ್ಕಿಗೆ ಬರದಿದ್ದು ಇದನ್ನ, ಏಳು ಬಂದಿದ್ವು.

ಹಾಲಿನ ಸಕ್ಕರಿ ನೀರಾಗ ಕರಗಿ ಬ್ಯಾಕ್ಟೀರಿಯಾದ ಒಳಗ ಹೋಗ್ತೈತಿ, ಹಂಗಾಗಿ ಬಂದೈತೋ ಇಲ್ಲೋ ಗೊತ್ತಾಗೂದು ಸರಳ. ರವದಿ ಹಂಗಲ್ಲ. ಅದು ಒಳಗ ಹೋಗಾಂಗಿಲ್ಲ, ಕರಗಾಂಗಿಲ್ಲ, ಕಣ್ಣಿಲ್ಲದ ಜೀವಕ್ಕ ಹೊರಗ ರವದಿ ಬಿದ್ದೈತಿ ಅಂತ ತಿಳಿಯೂದು ಹೆಂಗ? ನನಗ ಇಡೀ ಪಾಠದಾಗ ಭಾಳ ಸೇರೂದು ಇದ. ಹಲವು ಬ್ಯಾಕ್ಟೀರಿಯಾ ಕೀಲಿ ಹಾಕಿದ್ರೂ ಪೂರ್ತಿ ಬಿಗೀಯೂದಿಲ್ಲ, ಯಾವಾಗ್ಲೂ ನಾಕ್ಕಾಣೆ ಎಂಟಾಣೆಯಷ್ಟು ಕತ್ತರಿ ಸೋರಿ ಹೊರಗ ಹೋಗ್ತಿರ್ತಾವ, ಅವು ಬೇಹುಗಾರರಿದ್ದಂಗ. ಹೊರಗ ಸೆಲ್ಯುಲೋಸ್ ಇದ್ರ ಅದರಾಗಿಂದ ಆ ಜೋಡಿ ಮಣಿ, ಸೆಲ್ಲೋಬಯೋಸ್, ಬಿಡಿಸಿ ಕೊಡ್ತಾವ, ಅದು ಒಳಗ ಬಂದು ಕಾವಲುಗಾರನ ಮೈಗೆ ಅಂಟಿದ್ರ ಅಂವ ಜಾಗ ಬಿಡ್ತಾನ, ಜೀನ್ ಬಿಚ್ಚಿಕೊಂಡು ಕತ್ತರಿ ಧಾರಾಳ ತಯಾರ ಆಗಾಕ ಶುರು.

ಬಿಸಿ ಬಿಸಿ ತಿಪ್ಪಿಯೊಳಗ ಇರೋ ಥರ್ಮೋಬಿಫಿಡಾ ಫಸ್ಕಾ ಅನ್ನೋ ಬ್ಯಾಕ್ಟೀರಿಯಾದಾಗ ಈ ಕಾವಲುಗಾರನ ಹೆಸರು ಸೆಲ್‌ಆರ್. ತಿಪ್ಪಿ ಕೆದರಿದಾಗ ಹಬಿ ಏಳ್ತೈತಲ್ರಿ, ಕೈ ಇಟ್ರ ಚುರ್ ಅಂತೈತಲ್ಲ, 50 ಡಿಗ್ರಿ ಮ್ಯಾಲಿನ ಆ ಕಾವಿನ್ಯಾಗ ಇದಕ್ಕ ಸುಖ. ಸೆಲ್‌ಆರ್ ಕೂಡೂ ಜಾಗ ಡಿಎನ್‌ಎ ಮ್ಯಾಲ ಬರೇ 14 ಅಕ್ಷರದ್ದು, ಅದೂ ನಮ್ಮ ವಿಕಟಕವಿ ಅನ್ನೂ ಶಬ್ದದಂಗ, ಒಂದು ಎಳಿ ಮ್ಯಾಲ ಮುಂದಿಂದ ಓದಿದ್ದು ಎದುರಿನ ಎಳಿ ಮ್ಯಾಲ ಹಿಂದಿಂದ ಓದಿದ್ರೂ ಅದ ಬರ್ತೈತಿ. ಇನ್ನೊಂದು ಐತಿ, ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಮ್, ಗಾಳಿ ಇಲ್ಲದ ಕಡೆ 60 ಡಿಗ್ರಿಯೊಳಗ ಬೆಳಿಯೂದು, ಅದು ತನ್ನ ಕತ್ತರಿ ಎಲ್ಲಾನೂ ಒಂದ ಚೌಕಟ್ಟಿಗೆ ಪೋಣಿಸಿ ಮೈಮ್ಯಾಲ ಹೊತ್ಕೊಂಡು ತಿರಗತೈತಿ, ಸೆಲ್ಯುಲೋಸೋಮ್ ಅಂತ ಅದಕ್ಕ 1983ರ ಹೊತ್ತಿಗೆ ಹೆಸರಿಟ್ರು. ಅದರ ಮೈ ಮ್ಯಾಲೆ ಹೊರಗ ಚಾಚಿದ ಕೈ ಇರ್ತಾವ, ಒಂದು ಸೆಲ್ಯುಲೋಸ್ ಮುಟ್ಟಿ ನೋಡೂದು, ಇನ್ನೊಂದು ಕ್ಸೈಲಾನ್, ಮತ್ತೊಂದು ಪೆಕ್ಟಿನ್, ಮುಟ್ಟಿದ್ದು ಯಾವುದು ಅನ್ನೂದರ ಮ್ಯಾಲ ಒಳಗ ಯಾವ ಜೀನ್ ಬಿಚ್ಚಬೇಕು ಅನ್ನೂ ಹುಕುಂ ಹೋಗ್ತೈತಿ. ಸಂತ್ಯಾಗ ನಮ್ಮ ಅತ್ತಿಯವ್ರು ಜ್ವಾಳ ಬೊಗಸಿಯೊಳಗ ಹಿಡದು ಮುಟ್ಟಿ ನೋಡಿ ಇದು ಬಿಳಿಜ್ವಾಳ ಅಲ್ಲ ಅಂದಂಗ.

ಇಷ್ಟೆಲ್ಲಾ ಆದ್ರೂ ಇದರ ಮ್ಯಾಲ ಇನ್ನೊಂದು ದೊಡ್ಡ ಕೀಲಿ ಐತ್ರಿ, ಮಾವಾರ ಬ್ಯಾರಲ್ ಕೆಟ್ಟದ್ದು ಅದರಾಗ. ಹೊರಗ ರವದಿ ಐತಿ ಅಂತ ಸುದ್ದಿ ಬಂದ್ರೂ ಮನ್ಯಾಗ ಗ್ಲುಕೋಸ್ (ಬೆಲ್ಲದ ಸಕ್ಕರಿ ಒಡದ್ರ ಅದೂ ಬರ್ತೈತಿ) ಇದ್ರ ಕತ್ತರಿ ಕೆಲಸ ನಿಲ್ಲಿಸಿಬಿಡ್ತಾವ. ಮಣ್ಣಾಗಿನ ಬ್ಯಾಸಿಲಸ್ ಜಾತಿಯೊಳಗ ಗ್ಲುಕೋಸ್ ಹರಿದು ಬರಾಕ ಹತ್ತಿದ್ರ ಒಂದು ಸಣ್ಣ ಪ್ರೋಟೀನಿಗೆ ಫಾಸ್ಫೇಟಿನ ಮುದ್ರಿ ಬೀಳ್ತೈತಿ, ಆ ಮುದ್ರಿ ಹೊತ್ತ ಪ್ರೋಟೀನು ಹೋಗಿ ಸಿಸಿಪಿಎ ಅನ್ನೂ ದೊಡ್ಡ ಕಾರಭಾರಿಯನ್ನ ಕೂಡ್ತೈತಿ, ಇಬ್ಬರೂ ಕೂಡಿ ಹೋಗಿ ಕತ್ತರಿ ಜೀನ್‌ಗಳ ಬಾಗಲಾ ಹಾಕ್ತಾರ. ನಮ್ಮ ಹೊಟ್ಯಾಗಿನ ಇ. ಕೋಲಿ ದಾರಿ ಬ್ಯಾರೆ, ಅದರಾಗ ಗ್ಲುಕೋಸ್ ಕಡಿಮಿ ಆದಾಗ ಸೈಕ್ಲಿಕ್ ಎಎಂಪಿ ಅನ್ನೂದು ಏರ್ತೈತಿ, ಅದು ಹಸಿವಿನ ಗಂಟಿ ಇದ್ದಂಗ, ಗಂಟಿ ಬಡದ್ರ ಮಾತ್ರ ಬ್ಯಾರೆ ಸಕ್ಕರಿಯ ಜೀನ್ ಏಳ್ತಾವ. ದಾರಿ ಯಾವುದರ ಇರ್ಲಿ, ಹಸಿವಿ ಇಲ್ಲದ ಬ್ಯಾಕ್ಟೀರಿಯಾ ರವದಿ ಮುಟ್ಟೂದಿಲ್ಲ.

ಹಂಗಾರ ಬ್ಯಾರಲ್‌ಗೆ ಬೆಲ್ಲ ಯಾಕ ಹಾಕಬೇಕು ಅಂತ ನಮ್ಮ ಮೈದುನ ಕೇಳಿದ, ಚಲೋ ಪ್ರಶ್ನಿ. ಬೆಲ್ಲ ಇರೂದು ಸಂಖ್ಯಾ ಹೆಚ್ಚಸಾಕ. ಚಿಟಿಕಿಯಷ್ಟಿದ್ದದ್ದು ಬ್ಯಾರಲ್ ತುಂಬ ಆಗಬೇಕಲ್ಲ, ಅದಕ್ಕ 200 ಲೀಟರಿಗೆ 2 ಕೆಜಿ, ಅಂದ್ರ ನೂರಕ್ಕ ಒಂದು. ಆರೇಳು ದಿನದಾಗ ಅದನ್ನ ತಿಂದು ಮುಗಿಸಿ, ಹೊಟ್ಟಿ ಹಸದಾಗ ಹೊಲಕ್ಕ ಹ್ವಾದ್ರ ಎದುರಿಗೆ ರವದಿ ಬಿಟ್ರ ಬ್ಯಾರೆ ಏನಿಲ್ಲ, ಆವಾಗ ಕೀಲಿ ತಗೀತಾವ. ಮಾವಾರ ಬ್ಯಾರಲ್‌ನ್ಯಾಗ ನೂರಕ್ಕ ಆರು. ಫ್ಯಾಕ್ಟರಿ ಫೀಲ್ಡ್‌ಮನ್ ಕಡಿಂದ ಕಬ್ಬಿನ ಬ್ರಿಕ್ಸ್, ಅಂದ್ರ ಸಿಹಿ ಅಳತಿ, ನೋಡೋ ದುರ್ಬೀನು, ಅದ ರೀ ಹ್ಯಾಂಡ್ ರಿಫ್ರಾಕ್ಟೋಮೀಟರ್, ಈ ಸಲ ಇಸಕೊಂಡು ಬಂದು ಅಷ್ಟ ಬೆಲ್ಲ ಒಂದು ಬಕೇಟಿನ್ಯಾಗ ಲೆಕ್ಕಪ್ರಕಾರ ಕಲಸಿ ಒಂದು ಹನಿ ಗಾಜಿನ ಮ್ಯಾಲ ಬಿಟ್ಟು ಬಿಸಿಲಿಗೆ ಹಿಡದು ನೋಡಿದೆ, ನೀಲಿ ಗೆರಿ ಆರರ ಹತ್ರ ನಿಂತಿತ್ತು. ವಾರ ಬಿಟ್ಟು ನೋಡಿದ್ರ ಐದರ ಮ್ಯಾಲ. ಎರಡು ಕೆಜಿ ಲೆಕ್ಕದ ಬಕೇಟು ಒಂದರಿಂದ ಇಳದು ಸೊನ್ನಿ ಕಡೆ ಬಂದಿತ್ತು. ಈ ದುರ್ಬೀನು ಬರೇ ಸಕ್ಕರಿ ತೋರಸೂದಿಲ್ಲ, ನೀರಾಗ ಕರಗಿದ್ದು ಬ್ಯಾರೆ ಇದ್ರೂ ಸೇರಿಸಿ ತೋರಸ್ತೈತಿ, ಹಂಗಾಗಿ ಸೊನ್ನಿ ಬರಲೇಬೇಕು ಅಂತ ಕುಂದರಬಾರದು, ಇಳಿಯೂದು ನಿಂತೈತೋ ಇಲ್ಲೋ ನೋಡಬೇಕು. ದುರ್ಬೀನು ಇಲ್ಲದಿದ್ರ ಮೂಗು ಐತಲ್ಲ, ಸಿಹಿ ವಾಸನಿ ಹೋಗಿರಬೇಕು. ಬೆಲ್ಲ ಭಾಳಾದ್ರ ಇನ್ನೊಂದು ತಾಪತ್ರಯ, ಕತ್ತರಿ ಮಾಡೋ ಬ್ಯಾಕ್ಟೀರಿಯಾದಾಗ ಹಲವು ಸಾವಕಾಶ ಬೆಳಿಯೂ ಜಾತಿ, ಅವಕ್ಕಿಂತ ಮುಂಚೆ ಈಸ್ಟು, ಹುಳಿ ಮಾಡೋ ಬ್ಯಾಕ್ಟೀರಿಯಾ ಎದ್ದು ಬೆಲ್ಲ ಹೊಡಕೊಂಡು ಹೋಗ್ತಾವ. ಹೆಂಡದ ವಾಸನಿ ಬಂದದ್ದು ಅವರದ.

ಹುಳಿ ಅಂದ ಕೂಡ್ಲೆ ನಮ್ಮ ಓಣಿ ಕಾಕಾರ ಎಮ್ಮಿ ನೆನಪಾತು. ಮದುವಿ ಮನಿ ಹಿಂದ ಚೆಲ್ಲಿದ ಅನ್ನ, ಹೋಳಿಗಿ, ಬುಂದೆ ರಾತ್ರಿ ಕಣ್ಣಿ ಹರಕೊಂಡು ಹೋಗಿ ತಿಂದು ಬಂತು, ಮುಂಜಾನೆ ಹೊಟ್ಟಿ ಉಬ್ಬಿ ಮೆಲುಕು ನಿಲ್ಲಿಸಿ ನಿಂತಿತ್ತು, ಕಣಿಕಿ ಹಾಕಿದ್ರ ಮೂಸಲೂ ಇಲ್ಲ. ಡಾಕ್ಟರ್ ಬಂದು ಅಡಿಗಿ ಸೋಡಾ ನೀರಾಗ ಕಲಸಿ ಗೊಟ್ಟದಾಗ ಕುಡಿಸಿದ್ರು, ಇಂಜೆಕ್ಷನ್ನೂ ಮಾಡಿದ್ರು, ಮೂರ್ನೇ ದಿನ ಮೆಲುಕು ಬಂತು. ಎಮ್ಮಿ ಹೊಟ್ಯಾಗ ಫೈಬ್ರೋಬ್ಯಾಕ್ಟರ್, ರೂಮಿನೋಕಾಕಸ್ ಅಂತ ಬ್ಯಾಕ್ಟೀರಿಯಾ ಅದಾವ, ಹುಲ್ಲಿಗೆ ಅಂಟಿಕೊಂಡು ಕತ್ತರಿಸೂ ಕೆಲಸ ಅವುಗಳದ್ದು. ಅನ್ನ ಸಿಹಿ ಭಾಳಾದ್ರ ಬ್ಯಾರೆ ಬ್ಯಾಕ್ಟೀರಿಯಾ ಎದ್ದು ಲ್ಯಾಕ್ಟಿಕ್ ಆಸಿಡ್ ಮಾಡ್ತಾವ, ಹೊಟ್ಟಿ ಪಿಎಚ್ 6ರಿಂದ ಕೆಳಗ ಇಳದು ಹುಳಿ ಹೆಚ್ಚಾದ್ರ ಹುಲ್ಲು ಕತ್ತರಿಸವ್ರು ಕೆಲಸ ಬಿಡ್ತಾರ. ಇದರಾಗ ಜೀನಿನ ಕೀಲಿಗಿಂತ ಹುಳಿ ಆಟಾನ ಹೆಚ್ಚು, ಎರಡನ್ನೂ ಒಂದ ಅಂತ ಹೇಳಿದ್ರ ತಪ್ಪಾಗ್ತೈತಿ, ಆದ್ರ ಮಾವಾರ ಬ್ಯಾರಲ್‌ನ್ಯಾಗ ಎರಡೂ ಕೂಡಿಯೇ ಆಗಿರಬೇಕು ಅಂತ ನನ್ನ ಅಂದಾಜು.

ಮತ್ತ ಈ ಕೀಲಿ ಅನ್ನೂದು ಬರೇ ಹಸಿವಿಗೆ ಅಷ್ಟ ಅಲ್ರಿ. ನನ್ನ ತವರು ಮನಿ ವಿಜಯಪುರ ಜಿಲ್ಲಾದಾಗ, ಉಳ್ಳಾಗಡ್ಡಿ ಬೆಳಿಯೂ ಊರು. ಗುಡ್ಡಿ ಹಾಕಿದ ಉಳ್ಳಾಗಡ್ಡಿಯೊಳಗ ನಿನ್ನೆ ತನಕ ಗಟ್ಟಿ ಇದ್ದ ಗಡ್ಡಿ ಇವತ್ತು ಮುಟ್ಟಿದ್ರ ಬೆರಳು ಒಳಗ ಹೋಗ್ತೈತಿ, ನೀರು ಸೋರಿ ನಾತ ಹೊಡೀತೈತಿ, ಒಂದಾ ಎರಡಾ ನೋಡೂದ್ರಾಗ ಬುಟ್ಟಿ ತುಂಬ. ನಮ್ಮಪ್ಪಾಜಿ ಅದಕ್ಕ ಒಂದೇ ರಾತ್ರ್ಯಾಗ ಹೆಂಗ ಕೊಳೀತು ಅಂತ ಹಣಿ ಹಣಿ ಬಡ್ಕೋತಿದ್ರು. ಪೆಕ್ಟೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯಾ ಅದು, ಗಿಡದ ಕೋಶಗಳನ್ನ ಅಂಟಿಸಿ ಹಿಡಿಯೂ ಪೆಕ್ಟಿನ್ ಕರಗಿಸ್ತೈತಿ. ಆದ್ರ ಹತ್ತಿಪ್ಪತ್ತು ಇದ್ದಾಗ ಕತ್ತರಿ ಹೊರಗ ತಗಿಯೂದ ಇಲ್ಲ, ತಗದ್ರ ಗಿಡಕ್ಕ ಸುಳುವು ಸಿಕ್ಕು ಎದುರು ನಿಲ್ಲತೈತಿ. ಒಂದೊಂದು ಬ್ಯಾಕ್ಟೀರಿಯಾ ಒಂದು ಸಣ್ಣ ಕೆಮಿಕಲ್ ಬಿಡ್ತಿರ್ತೈತಿ, ಗುಂಪು ದೊಡ್ಡದಾದಂಗ ಆ ಕೆಮಿಕಲ್ ಸುತ್ತಮುತ್ತ ದಟ್ಟ ಆಗ್ತೈತಿ, ಒಂದು ಮಟ್ಟ ಮುಟ್ಟಿದ ಕೂಡ್ಲೆ ಎಲ್ಲಾ ಒಮ್ಮೆಲೆ ಕತ್ತರಿ ಹಿರೀತಾವ. ಅದಕ್ಕ ಕೋರಂ ಸೆನ್ಸಿಂಗ್ ಅಂತಾರ, ಪಂಚಾಯ್ತಿ ಮೀಟಿಂಗಿನ ಕೋರಂ ಇದ್ದಂಗ, ನಮ್ಮ ಪಂಚಾಯ್ತ್ಯಾಗ ಕೋರಂ ಆಗೂದು ಅಪರೂಪ, ಇವರದ್ದು ತಪ್ಪೂದಿಲ್ಲ. ಅಂದ್ರ ಒಂದೇ ರಾತ್ರ್ಯಾಗ ಕೊಳೀತು ಅಂತ ನಮ್ಮಪ್ಪಾಜಿ ಅಂದದ್ದು ಸುಳ್ಳಲ್ಲ, ತಯಾರಿ ಮಾತ್ರ ಮೊದಲಿಂದ ನಡದಿತ್ತು.

ಇನ್ನ ಫ್ಯಾಕ್ಟರಿ ಕಡೆ ಬರ್ರಿ. ನಮ್ಮ ಭಾಗದಾಗ ಎಥೆನಾಲ್ ಅಂದ್ರ ಕಾಕಂಬಿ ಇಲ್ಲಾ ಕಬ್ಬಿನ ಹಾಲು, ಆದ್ರ ಹುಲ್ಲಿನಿಂದ ಎಥೆನಾಲ್ ತಗಿಯೂ ಕಾರಖಾನಿ ಹರಿಯಾಣಾದ ಪಾಣಿಪತ್‌ನ್ಯಾಗ 2022ರ ಆಗಸ್ಟ್ 10ಕ್ಕ ಉದ್ಘಾಟನೆ ಆತು, ಭತ್ತದ ಹುಲ್ಲು, ದಿನಕ್ಕ ಒಂದು ಲಕ್ಷ ಲೀಟರಿನ ಲೆಕ್ಕ. ಅಂಥಾ ಕೆಲಸಕ್ಕ ಬೇಕಾಗೂ ಸೆಲ್ಯುಲೇಸ್ ಬಹಳಷ್ಟು ತಗಿಯೂದು ಬ್ಯಾಕ್ಟೀರಿಯಾದಿಂದ ಅಲ್ಲ, ಟ್ರೈಕೋಡರ್ಮಾ ರೀಸಿ ಅನ್ನೂ ಬೂಜಿನಿಂದ. ಎರಡನೇ ಮಹಾಯುದ್ಧದಾಗ ಸಾಲೊಮನ್ ದ್ವೀಪದಾಗ ಅಮೆರಿಕಾ ಸೈನ್ಯದ ಹತ್ತಿ ಅರಿಬಿ ಡೇರೆ ಬಿಟ್ಟೂಬಿಡದ ಕೊಳತು ಹರಿದು ಹೋಗ್ತಿದ್ವು, ಯಾವುದು ತಿಂತೈತಿ ಅಂತ ಹುಡುಕಿದ್ರ ಸಿಕ್ಕಿದ್ದು ಈ ಬೂಜು. ಇದಕ್ಕೂ ಗ್ಲುಕೋಸ್ ಕಂಡ್ರ ಕತ್ತರಿ ನಿಲ್ಲಿಸೂ ಚಾಳಿ ಇತ್ತು. 1970ರ ದಶಕದಾಗ ಅಮೆರಿಕಾದ ರಟ್ಗರ್ಸ್ ಯೂನಿವರ್ಸಿಟಿಯೊಳಗ ಆ ಕೀಲಿ ಕೆಟ್ಟ ತಳಿ ಒಂದನ್ನ ಆರಿಸಿ ತಗದ್ರು, ರಟ್ ಸಿ30 ಅಂತ ಅದರ ಹೆಸರು, ಅದು ಸಕ್ಕರಿ ಇದ್ರೂ ಕತ್ತರಿ ಮಾಡ್ತೈತಿ, ಎನ್‌ಜೈಮ್ ಕಂಪನಿಗಳು ಇವತ್ತಿಗೂ ಆ ವಂಶದ ತಳಿ ಇಟ್ಕೊಂಡಾವ. ಅಂದ್ರ ಲೋಕದ ದೊಡ್ಡ ದೊಡ್ಡ ಕಾರಖಾನಿಯವ್ರೂ ಇದೇ ಬೆಲ್ಲದ ಸಮಸ್ಯೆ ಮುಂದ ಕುಂತು ತಲಿ ಕೆರಕೊಂಡಾರ, ನಮ್ಮ ಮಾವಾರು ಒಬ್ಬರ ಅಲ್ಲ. ಇದನ್ನ ಹೇಳಿದಾಗ ಮಾವಾರಿಗೆ ಭಾಳ ಸಮಾಧಾನ ಆತು.

ಹೆಚ್ಚಿನ ಬೆಲ್ಲದ ಬದಲಿ ಏನು ಹಾಕಬೇಕು ಅಂತ ಕೇಳ್ತೀರಿ, ಸಾರಜನಕ ರೀ. ಎನ್‌ಜೈಮ್ ಅಂದ್ರ ಪ್ರೋಟೀನು, ಪ್ರೋಟೀನಿನ್ಯಾಗ ನೂರಕ್ಕ 16 ಪಾಲು ಸಾರಜನಕ. ರವದಿಯೊಳಗ ಇಂಗಾಲ ನೂರು ಇದ್ರ ಸಾರಜನಕ ಒಂದರ ಆಸುಪಾಸು, ಚಲೋ ಕೊಳಿಬೇಕಂದ್ರ ಇಪ್ಪತ್ತೈದು ಮೂವತ್ತಕ್ಕ ಒಂದಾದ್ರೂ ಬೇಕು. ಹಂಗಾಗಿ ಕೀಲಿ ಬಿಚ್ಚಿದ್ರೂ ಸಾಮಾನಿಲ್ಲದ ಬಡಿಗ್ಯಾ ಕುಂತಂಗ ಬ್ಯಾಕ್ಟೀರಿಯಾ ಕುಂದರ್ತಾವ, ಇಲ್ಲಾ ಮಣ್ಣಾಗಿನ ಸಾರಜನಕ ಎಳಕೊಂಡು ಕುಳೆ ಕಬ್ಬು ಹಳದಿ ಮಾಡ್ತಾವ, ಅದನ್ನ ನೋಡಿ ಜನ ರವದಿ ಬಿಟ್ರ ಬೆಳಿ ಕೆಡತೈತಿ ಅಂತ ಮತ್ತ ಕಡ್ಡಿ ಗೀರ್ತಾರ. ಮೈದುನ ಅವನ ಎಕರೆಕ್ಕ ರವದಿ ಮ್ಯಾಲ ಅರ್ಧ ಚೀಲ ಯೂರಿಯಾ, ಮ್ಯಾಲ ಸಗಣಿ ರಾಡಿ ಹೊಡದಿದ್ದ. ಮಾವಾರ ಎಕರೆಕ್ಕ ಅದನ್ನೂ ಹಾಕಿರಲಿಲ್ಲ, ಬೆಲ್ಲ ಐತಲ್ಲ ಬಿಡು ಅಂದಿದ್ರು. ನೋಡ್ರಿ, ಬರಕೋತ ಬರಕೋತ ನನ್ನ ವಾದದಾಗ ನಾನ ತೂತು ತೋರಿಸಿದೆ, ಎರಡೂ ಎಕರೆ ಸರಿಸಮ ಇರಲಿಲ್ಲ ಅಂತ. ಇರ್ಲಿ, ಮುಚ್ಚಿಡೂದು ಸರಿ ಅಲ್ಲ. ಹೊಲದ ಮಣ್ಣಿಗೆ ಎಷ್ಟು ಯೂರಿಯಾ ಅನ್ನೂದನ್ನ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದವ್ರನ್ನೋ ಹತ್ರದ ಕೃಷಿ ವಿಜ್ಞಾನ ಕೇಂದ್ರದವ್ರನ್ನೋ ಕೇಳೂದು ಚಲೋ, ನನ್ನ ಪತ್ರ ನೋಡಿ ಹಾಕಬ್ಯಾಡ್ರಿ.

ಹಸಿ ಬೇಕು ಅನ್ನೂದು ಬ್ಯಾರೆ ಹೇಳಬೇಕಿಲ್ಲ. ಕತ್ತರಿ ನೀರಾಗ ತೇಲಿ ಎಲಿ ಮುಟ್ಟಬೇಕು, ಒಣಗಿದ ರವದಿ ಮ್ಯಾಲ ಏಪ್ರಿಲ್ ಬಿಸಿಲಿನ್ಯಾಗ ಬ್ಯಾರಲ್ ಖಾಲಿ ಮಾಡಿದ್ರ ನೀರೂ ಹೋತು, ಬ್ಯಾಕ್ಟೀರಿಯಾನೂ ಹೋದ್ವು. ಪಾಳಿ ನೀರು ಬಂದ ದಿನಾನ ಸಂಜಿಕ ಹೊಡಿಬೇಕು.

ಸಂಪಾದಕರ, ನನ್ನ ವಿನಂತಿ ಇಷ್ಟ. ಆ ಬಾಕ್ಸಿನ ಒಂದು ಸಾಲು ತಿದ್ದಿ, ಅಷ್ಟ ದಪ್ಪ ಅಕ್ಷರದಾಗ, ಮತ್ತೊಮ್ಮೆ ಹಾಕ್ರಿ. ಒಳಗಿನ ಪುಟದ ಮೂಲ್ಯಾಗ ತಿದ್ದುಪಡಿ ಅಂತ ಸಣ್ಣಗ ಹಾಕಿದ್ರ ಯಾರೂ ಓದೂದಿಲ್ಲ, ಬೆಲ್ಲ ಹಾಕ್ರಿ ಅನ್ನೂ ಸಾಲು ಮಾತ್ರ ಆಗಲೇ ನಮ್ಮೂರಿನ ನಾಕು ಮಂದಿ ಮೊಬೈಲಿನ್ಯಾಗ ಫೋಟೋ ಆಗಿ ತಿರಗಾಕ ಹತ್ತೈತಿ. ಬೆಲ್ಲದ ರೇಟು ನಿಮಗ ಗೊತ್ತ ಐತಿ.

ನಮ್ಮ ಕಬ್ಬಿಗೆ ಬರೋ ವಾರ ಗ್ಯಾಂಗ್ ಬರ್ತೈತಿ. ಈ ಸಲ ಎರಡೂ ಬ್ಯಾರಲ್‌ಗೆ ಎರಡೆರಡು ಕೆಜಿ, ಎರಡೂ ಎಕರೆಕ್ಕ ಅಷ್ಟಷ್ಟ ಯೂರಿಯಾ, ತೆಂಕಣ ಬದೀಗೆ ಒಂದು ತಾಸು ನೀರು ಹೆಚ್ಚ ಅಂತ ಮಾತಾಗೈತಿ. ಪೆಂಟಿ ಇಟ್ಟ ಕ್ವಾಣಿ ಕೀಲಿ ಅತ್ತಿಯವ್ರ ಸೆರಗಿನ ಗಂಟಿನ್ಯಾಗ ಐತಿ, ಆ ಗಂಟು ಬಿಚ್ಚೂ ಎನ್‌ಜೈಮ್ ಮಾವಾರ ಹತ್ರ ಇಲ್ಲ.

ಇಂತಿ ನಿಮ್ಮ ಓದುಗಳು,
ಒಬ್ಬ ಕಬ್ಬಿನ ರೈತ ಮಹಿಳೆ
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ